ಅರವತ್ತನಾಲ್ಕನೇ ಸದ್ದು

ಮೊಟ್ಟೆಯ ಸುರುಳಿ ಮಾಡುವಾಗ ಯಾರೂ ಮನೆಗೆ ಬರಬಾರದು. ಬಾಣಲೆಯಲ್ಲಿ ತೆಳ್ಳಗೆ ಹರಡಿದ ಮೊಟ್ಟೆ ಮೇಲ್ಗಡೆ ಇನ್ನೂ ಹಸಿಯಾಗಿರುವಾಗಲೇ ಮಡಚಬೇಕು. ಒಂದು ಉಸಿರು ತಡವಾದರೆ ಅದು ಸುತ್ತಿಕೊಳ್ಳುವ ಬದಲು ಬಿರುಕು ಬಿಡುತ್ತದೆ. ಚಿಜುರು ಎರಡನೆಯ ಪದರದ ಅಂಚಿಗೆ ಊಟದ ಕಡ್ಡಿಗಳನ್ನು ತೂರಿಸಿದ್ದಳಷ್ಟೇ, ಕರೆಗಂಟೆ ಹೊಡೆದುಕೊಂಡಿತು.

ಕಿಟಕಿಯ ಬಳಿ ನಿಂತಿದ್ದ ಮಗಳು ಶಿಹೋ ಅಲ್ಲಿಂದಲೇ ವರದಿ ಒಪ್ಪಿಸಿದಳು. "ಅಮ್ಮಾ, ಒರಿಗುಚಿ ತಾತ ಮತ್ತೆ ಕೂಸು ಹೊತ್ಕೊಂಡು ಬಂದಿದಾರೆ."

ಕೂಸೇನಲ್ಲ, ಅದು ಸಿಂಥಸೈಜರು. ಅದನ್ನು ಹಳೆಯ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಹಿಂದಿನ ಕಾಲದ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯಿಂದ ಬಿಗಿದುಕೊಂಡು, ಒರಿಗುಚಿ ಸಾನ್ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಕಡ್ಡಿಯಂಥ ಮೈ. ಬೆನ್ನ ಮೇಲಿನ ಯಂತ್ರ ಅವರ ಭುಜಗಳಿಗಿಂತ ಎರಡು ಪಟ್ಟು ಅಗಲ. ಹಾಗಾಗಿ ಅವರು ಏಡಿಯ ಹಾಗೆ ಅಡ್ಡಡ್ಡವಾಗಿ ಬಾಗಿಲು ದಾಟಿ, ಚಪ್ಪಲಿ ಬಿಚ್ಚಲು ಬಗ್ಗಿದಾಗ ಛತ್ರಿಯ ಸ್ಟ್ಯಾಂಡನ್ನು ಕೆಡವಿ, ಅದಕ್ಕೆ ಕ್ಷಮೆ ಕೇಳಲು ತಿರುಗಿದಾಗ ಗೋಡೆಯ ಕ್ಯಾಲೆಂಡರನ್ನೂ ಕೆಡವಿದರು. ಅಷ್ಟರಲ್ಲಿ ಮೊಟ್ಟೆ ಬಿರುಕು ಬಿಟ್ಟಿತ್ತು.

ಹಮಮತ್ಸು ಊರಿನಲ್ಲಿ ಹೆಂಗಸೊಬ್ಬಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಹಳೆಯ ಸಿಂಥಸೈಜರು ರಿಪೇರಿ ಮಾಡುವುದನ್ನು ಯಾರೂ ಬೆರಗಿನಿಂದ ನೋಡುವುದಿಲ್ಲ. ಎದುರು ಮನೆಯವರು ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಾರೆ, ಮೂಲೆ ಮನೆಯ ಅಜ್ಜ ಕೊಳಲಿಗೆ ತೂತು ಕೊರೆಯುತ್ತಾರೆ. ಚಿಜುರು ಮಗಳು ಹುಟ್ಟುವ ತನಕ ವಾದ್ಯಗಳ ಕಾರ್ಖಾನೆಯೊಂದರಲ್ಲಿ, ಕೆಟ್ಟು ವಾಪಸಾದ ಬೋರ್ಡುಗಳ ವಿಭಾಗದಲ್ಲಿದ್ದವಳು. ಈಗ ಅನ್ನ ಬೇಯುವ ಹೊತ್ತು, ಬಟ್ಟೆ ಒಣಗುವ ಹೊತ್ತು, ಮಗಳು ಶಾಲೆಯಲ್ಲಿರುವ ಹೊತ್ತು, ಇವುಗಳನ್ನೆಲ್ಲ ಒಟ್ಟು ಹೊಲಿದು ಅದೇ ಕೆಲಸ ಮಾಡುತ್ತಾಳೆ.

ಒರಿಗುಚಿ ಸಾನ್ ಈ ವರ್ಷ ಬರುತ್ತಿದ್ದುದು ಇದು ಮೂರನೆಯ ಸಲ. ಮೊದಲ ಸಲ ಕೀಲಿಮಣೆಯ ಒಂದು ಮನೆ ಒತ್ತಿದರೆ ಮೇಲೇಳುವುದಿಲ್ಲ ಅಂದಿದ್ದರು. ಬಿಚ್ಚಿ ನೋಡಿದರೆ ಅಕ್ಕಿ ಹಪ್ಪಳದ ಚೂರು. ಎರಡನೆಯ ಸಲ ಸದ್ದೇ ಬರುತ್ತಿಲ್ಲ ಅಂದಿದ್ದರು. ಸದ್ದಿನ ಗುಂಡಿಯನ್ನು ಪೂರಾ ಕೆಳಕ್ಕೆ ಇಳಿಸಿಟ್ಟಿದ್ದರು. ಎರಡು ಸಲವೂ ರಿಪೇರಿಗಿಂತ ಚಹಾಕ್ಕೇ ಹೆಚ್ಚು ಹೊತ್ತು ಹಿಡಿದಿತ್ತು.

ಒಳಗಿನಿಂದ ಅತ್ತೆ ತೊಕಿಯೆ ಬಂದರು. ಬರುವ ಮೊದಲು ಏಪ್ರನ್ ಬದಲಾಯಿಸಿದ್ದರು ಎಂಬುದು ಶಿಹೋಗೆ ಮಾತ್ರ ಗೊತ್ತಾಯಿತು.

"ಏನು, ಕೂಸಿಗೆ ಮತ್ತೆ ಶೀತಾನಾ?"

"ಇಲ್ಲ ತೊಕಿಯೆ ಸಾನ್. ಈ ಸಲ ನಿಜವಾಗ್ಲೂ ಹುಷಾರಿಲ್ಲ," ಅಂದರು ಒರಿಗುಚಿ.

ಈ ಸಲ ನಿಜವಾಗ್ಲೂ. ಶಿಹೋ ಬಾಯಿ ತೆರೆದಳು. ಅಜ್ಜಿ ಅವಳತ್ತ ನೋಡಿ ಕಿರುಬೆರಳು ಎತ್ತಿದರು. ಶಿಹೋ ಬಾಯಿ ಮುಚ್ಚಿದಳು.

ಆ ಕಿರುಬೆರಳಿಗೆ ಒಂದು ಕಾರಣವಿತ್ತು. ಹಿಂದಿನ ತಿಂಗಳು ಬೀದಿಯ ಸಂಘದ ಅಧ್ಯಕ್ಷರು ಕಸದ ವಿಚಾರ ಮಾತಾಡಲು ಬಂದಾಗ, ಅವರ ಕೂದಲು ತಲೆಯ ಜೊತೆಗೇ ಯಾಕೆ ತಿರುಗುವುದಿಲ್ಲ ಎಂದು ಶಿಹೋ ಕೇಳಿಬಿಟ್ಟಿದ್ದಳು. ಅವತ್ತೇ ಅಜ್ಜಿ ಅವಳ ಕಿರುಬೆರಳಿಗೆ ತಮ್ಮ ಕಿರುಬೆರಳು ಹೆಣೆದು, ಮನೆಗೆ ಬಂದ ಅತಿಥಿಗಳನ್ನು ಇನ್ನು ಪ್ರಶ್ನೆ ಕೇಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದರು. ಕಿರುಬೆರಳಿನ ಮಾತು ತಪ್ಪಿದರೆ ಸಾವಿರ ಸೂಜಿ ನುಂಗಬೇಕು. ಆರು ವರ್ಷದ ಹುಡುಗಿಗೆ ಕೇಳದೆ ಉಳಿದ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿದ್ದಂತೆ. ಆದರೂ ಸೂಜಿಗಿಂತ ಮುಳ್ಳೇ ವಾಸಿ ಎಂದು ಅವಳು ತಡೆದುಕೊಂಡಿದ್ದಳು.

ಒರಿಗುಚಿ ಸಾನ್ ಬಂದ ವಿಷಯ ಇದು. ಸರೋವರದ ದಂಡೆಯ ಬಿಸಿನೀರಿನ ಬುಗ್ಗೆಯ ಹೋಟೆಲಿನಲ್ಲಿ ಅವರು ವಯಸ್ಸಿನಲ್ಲಿದ್ದಾಗ ಪ್ರತಿ ಸಂಜೆ ಈ ಯಂತ್ರ ನುಡಿಸುತ್ತಿದ್ದರು. ತೊಕಿಯೆ ಅದೇ ಹೋಟೆಲಿನಲ್ಲಿ ಊಟ ಬಡಿಸುವ ಹೆಂಗಸರಿಗೆ ಹಿರಿಯರಾಗಿದ್ದರು. ಈಗ ಅಲ್ಲಿಯ ಔತಣದ ಹಜಾರವನ್ನು ಕೆಡವುತ್ತಾರಂತೆ. ಅದಕ್ಕೂ ಮುಂಚೆ, ನಾಳೆ ಭಾನುವಾರ, ಹಳಬರೆಲ್ಲ ಸೇರಿ ಅಲ್ಲಿ ಕೊನೆಯ ಊಟ ಮಾಡುವುದೆಂದು ನಿಶ್ಚಯವಾಗಿತ್ತು. ಒರಿಗುಚಿ ನುಡಿಸಬೇಕು, ತೊಕಿಯೆ ಒಂದು ಹಾಡು ಹೇಳಬೇಕು. ಆದರೆ ಯಂತ್ರ ಎರಡು ದಿನದಿಂದ ಕೆಮ್ಮುತ್ತಿದೆ, ದನಿಗಳು ಮುಲುಗುತ್ತಿವೆ.

ಅತ್ತೆ ಚಹಾ ತರಲು ಹೋದಾಗ ಅವರು ಚಿಜುರುವಿನ ಕಡೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದರು. "ಬೇರೆ ಸದ್ದೆಲ್ಲಾ ಹೋದ್ರೂ ಪರವಾಗಿಲ್ಲಮ್ಮ, ಕಣ್ಣು ಮುಚ್ಕೊಂಡು ಮತ್ತೆ ಕೂಡಿಸ್ತೀನಿ. ಅರವತ್ತನಾಲ್ಕನೇದು ಮಾತ್ರ ಹೋಗಬಾರದು. ನಾಳೆ ಅದನ್ನ ನುಡಿಸಿಬಿಟ್ಟು, ಆಮೇಲೆ ಒಂದು ಮಾತು ಹೇಳೋದಿದೆ."

ಅದು ಯಾವ ಸದ್ದು ಎಂದು ಚಿಜುರು ಕೇಳಿದಳು. ಅವರ ಕಿವಿಗಳು ಉಪ್ಪಿನಲ್ಲಿ ಹಾಕಿದ ಪ್ಲಮ್ಮಿನ ಹಣ್ಣಿನಂತೆ ಕೆಂಪಾದವು. ಒಂದು ಸದ್ದು ಅಷ್ಟೇ, ಅಂದರು. ಆಮೇಲೆ ಚಹಾ ಕುಡಿದು, ಅತ್ತೆಯ ಕೈಯ ಸೌತೆಕಾಯಿ ಉಪ್ಪಿನಕಾಯಿಯನ್ನು ಬಟ್ಟಲು ತಳ ಕಾಣುವ ತನಕ ಹೊಗಳಿ, ಸಂಜೆ ಬರುತ್ತೇನೆಂದು ಹೊರಟರು.

ಚಿಜುರು ಮೇಲಿನ ಮುಚ್ಚಳ ಬಿಚ್ಚಿದಳು. ಈ ಸಲ ಅವರು ಸುಳ್ಳು ಹೇಳಿರಲಿಲ್ಲ. ನೆನಪಿನ ಬ್ಯಾಟರಿ ಸೋರಿ ಅದರ ಸುತ್ತ ಹಸಿರು ಪಾಚಿಯಂಥದ್ದು ಬೆಳೆದಿತ್ತು. ಪಕ್ಕದ ಕೆಪಾಸಿಟರುಗಳ ಬುಡ ಅಂಟಂಟಾಗಿತ್ತು. ಬ್ಯಾಟರಿ ತೆಗೆಯಲೇಬೇಕು, ಆದರೆ ತೆಗೆದ ಕ್ಷಣವೇ ಯಂತ್ರ ತನ್ನೊಳಗಿನ ಸದ್ದುಗಳನ್ನೆಲ್ಲ ಮರೆತುಬಿಡುತ್ತದೆ. ಹಾಗಾಗಿ ಆ ಕಾಲದಲ್ಲಿ ಇಂಥ ಯಂತ್ರಗಳಿಗೆ ಒಂದು ಉಪಾಯ ಕೂಡಿಸಿಟ್ಟಿದ್ದರು. ಗುಂಡಿ ಒತ್ತಿದರೆ ಅದು ತನ್ನ ನೆನಪನ್ನೆಲ್ಲ ಕರ್ಕಶವಾಗಿ ಕಿರುಚುತ್ತದೆ. ಆ ಕಿರುಚಾಟವನ್ನು ಕ್ಯಾಸೆಟ್ಟಿನಲ್ಲಿ ತುಂಬಿಟ್ಟುಕೊಂಡು, ಆಮೇಲೆ ಅದಕ್ಕೇ ವಾಪಸು ಕೇಳಿಸಿದರೆ ಎಲ್ಲ ಮತ್ತೆ ನೆನಪಾಗುತ್ತದೆ.

ಮನೆಯಲ್ಲಿ ಕ್ಯಾಸೆಟ್ಟಿನ ಯಂತ್ರವೆಂದರೆ ಅತ್ತೆಯ ಕೆಂಪು ಟೇಪ್ ರೆಕಾರ್ಡರ್ ಒಂದೇ. ಅತ್ತೆ ಹಿತ್ತಿಲಲ್ಲಿ ಮೂಲಂಗಿ ಕೀಳುತ್ತಿದ್ದಾಗ ಅದನ್ನು ತಂದು, ಡ್ರಾಯರಿನಲ್ಲಿದ್ದ ಖಾಲಿ ಕ್ಯಾಸೆಟ್ ಹಾಕಿ, ಚಿಜುರು ಕಿರುಚಾಟವನ್ನೆಲ್ಲ ತುಂಬಿಕೊಂಡಳು. ಸರಿಯಾಗಿ ಬಂದಿದೆಯೇ ಎಂದು ಯಂತ್ರಕ್ಕೆ ಒಮ್ಮೆ ಕೇಳಿಸಿಯೂ ನೋಡಿದಳು. ಸರಿಯಾಗಿಯೇ ಇತ್ತು. ಉಳಿದದ್ದು ಒಂದೇ ಕೆಲಸ. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಟ್ಟರೆ ಅದರ ಮೇಲೆ ಇನ್ನೇನೂ ತುಂಬಲಾಗದು. ಕಾರ್ಖಾನೆಯಲ್ಲಿ ಹಾಗೆ ಹಲ್ಲು ಮುರಿಯದೆ ಯಾರೂ ಕುರ್ಚಿಯಿಂದ ಏಳುತ್ತಿರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಇರಲಿಲ್ಲ. ಇಲ್ಲಿ ಅದು ಅದೇ ಹೊತ್ತಿಗೆ ಪೀಂ ಪೀಂ ಎಂದಿತು, ಆಕಾಶದಲ್ಲಿ ಮೋಡವಿತ್ತು. ಚಿಜುರು ರೆಕಾರ್ಡರನ್ನು ಕ್ಯಾಸೆಟ್ ಸಮೇತ ಅತ್ತೆಯ ಕೋಣೆಯ ಅದೇ ಜಾಗದಲ್ಲಿಟ್ಟು (ಜಾಗ ಬದಲಾದರೆ ಅತ್ತೆಗೆ ಸಿಟ್ಟು ಬರುತ್ತದೆ) ಬಟ್ಟೆ ಒಣಹಾಕಲು ಓಡಿದಳು.

ವಾಪಸು ಬಂದವಳೇ ಕಿಟಕಿ ತೆರೆದು, ಹೊಗೆ ಎಳೆಯುವ ಪುಟ್ಟ ಫ್ಯಾನ್ ಹಚ್ಚಿ, ಕೆಲಸಕ್ಕೆ ಕೂತಳು. ಯಂತ್ರದ ವಯರನ್ನು ಆಗಲೇ ಗೋಡೆಯಿಂದ ಕಿತ್ತಿಟ್ಟಿದ್ದಳು, ಒಳಗೆ ಉಳಿದ ಕರೆಂಟು ಇಳಿದುಹೋಗಿದೆಯೇ ಎಂದು ಮೀಟರ್ ಹಿಡಿದು ನೋಡಿಕೊಂಡಳು. ಶಿಹೋ ಕೋಣೆಯ ಆ ತುದಿಯಲ್ಲಿ ಈಜುವ ಕನ್ನಡಕ ಹಾಕಿಕೊಂಡು ಕೂತಿದ್ದಳು. ಬೆಸುಗೆ ಹಾಕುವ ಐರನ್ ಬಿಸಿಯಾಗಿರುವಾಗ ಒಳಗೆ ಬರಬೇಕೆಂದರೆ ಕನ್ನಡಕ ಇರಲೇಬೇಕು, ನೆಲದ ಮೇಲೆ ಎಳೆದ ಗೆರೆಯ ಈಚೆಗೆ ಬರಬಾರದು ಎಂಬುದು ಅವಳಿಗೆ ಅಮ್ಮ ಹಾಕಿದ ನಿಯಮ.

ಒಂದೊಂದು ಕೆಪಾಸಿಟರನ್ನೂ ತೆಗೆಯುವ ಮೊದಲು ಚಿಜುರು ಅದರ ತಲೆ ಯಾವ ಕಡೆಗಿದೆ ಎಂದು ಅತ್ತೆಯ ಕೆಂಪು ಉಗುರುಬಣ್ಣದಿಂದ ಬೋರ್ಡಿನ ಮೇಲೆ ಚುಕ್ಕೆ ಇಟ್ಟಳು. ಬೋರ್ಡಿನ ಮೇಲೆ ಅಚ್ಚಾಗಿರುವುದು ಕೂಡಿಸುವ ಗುರುತು, ಕೆಪಾಸಿಟರಿನ ಮೈಮೇಲೆ ಇರುವುದು ಕಳೆಯುವ ಗುರುತು. ಇವೆರಡನ್ನೂ ನಂಬಿ ಕೂತರೆ ಎಂಥವರೂ ಒಂದಲ್ಲ ಒಂದು ಸಲ ತಿರುಗಾಮುರುಗಾ ಕೂಡಿಸುತ್ತಾರೆ, ಅದು ಪಟಾಕಿಯಂತೆ ಸಿಡಿಯುತ್ತದೆ. ಚುಕ್ಕೆ ಸುಳ್ಳು ಹೇಳುವುದಿಲ್ಲ.

"ಹಳೇ ಸೋಲ್ಡರಿಗೆ ಮತ್ತೆ ಹೊಸ ಸೋಲ್ಡರ್ ಯಾಕಮ್ಮ ಹಾಕ್ತೀಯ? ತೆಗೀಬೇಕು ಅಂತಿದ್ಯಲ್ಲ," ಎಂದು ಶಿಹೋ ಕೇಳಿದಳು. ಅಮ್ಮ ಅತಿಥಿಯಲ್ಲವಾದ್ದರಿಂದ ಕೇಳಬಹುದಿತ್ತು.

ಹಳೆಯದು ಒಣಗಿ ಹಟ ಹಿಡಿದಿರುತ್ತದೆ, ಸ್ವಲ್ಪ ಹೊಸದು ಸೇರಿಕೊಂಡರೆ ಅದೂ ಕರಗುತ್ತದೆ ಎಂದು ಚಿಜುರು ಹೇಳಿದಳು. ಕರಗಿದ್ದೇ ತಡ ಹೀರುವ ಪಂಪನ್ನು ಒತ್ತಿ ಚಟ್ಟನೆ ಎಳೆದುಕೊಂಡಳು. ಆಮೇಲೂ ಕೀಳಲಿಲ್ಲ, ಬೆರಳ ತುದಿಯಿಂದ ಅಲುಗಿಸಿ ನೋಡಿದಳು, ಒಂದು ಕಾಲು ಇನ್ನೂ ಹಿಡಿದುಕೊಂಡಿತ್ತು. ಮತ್ತೆ ಬಿಸಿ ಮಾಡಿದಳು. ಎಳೆದರೆ ಬರುವುದೇನೋ ಬರುತ್ತದೆ, ಆದರೆ ಬೋರ್ಡಿನ ತಾಮ್ರದ ಬಿಲ್ಲೆಯನ್ನೂ ಚರ್ಮ ಸುಲಿದಂತೆ ಸುಲಿದುಕೊಂಡು ಬರುತ್ತದೆ. ಕೆಪಾಸಿಟರು ಅಂಗಡಿಯಲ್ಲಿ ಸಿಗುತ್ತದೆ, ನಲವತ್ತು ವರ್ಷದ ಹಿಂದಿನ ಬೋರ್ಡು ಎಲ್ಲಿ ಸಿಗಬೇಕು? ಹಟ ಮಾಡುವ ಮಗುವಿಗೆ ಶೂ ಹಾಕಿಸಿದಷ್ಟೇ ತಾಳ್ಮೆ ಈ ಕೆಲಸಕ್ಕೂ ಬೇಕು. ಬೆಳಗ್ಗೆ ಶೂ, ರಾತ್ರಿ ಬೋರ್ಡು ಎಂದು ಚಿಜುರು ಆ ತಾಳ್ಮೆಯನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಸೋರಿದ ಕೆಪಾಸಿಟರಿಗೆ ಐರನ್ ತಗುಲಿದಾಗ ಕೊಳೆತ ಮೀನಿನ ವಾಸನೆ ಬರುತ್ತದೆ. ಬ್ಯಾಟರಿಯ ಪಾಚಿಗೆ ವಿನೆಗರ್ ಹಚ್ಚಿ ಒರೆಸಬೇಕಾಗುತ್ತದೆ. ಈ ಎರಡು ವಾಸನೆ ಒಟ್ಟಾಗಿ ನಡುಮನೆ ತಲುಪಿದಾಗ ಅತ್ತೆ ಮೂಲಂಗಿ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ರಿಪೇರಿ ಮಾಡ್ತಿದೀಯೋ, ಬಂಗಡೆ ಸೂಶಿ ಮಾಡ್ತಿದೀಯೋ?"

ಸೂಶಿ ಆದರೆ ನನಗೆ ಬೇಡ ಅಂದಳು ಶಿಹೋ ಕನ್ನಡಕದೊಳಗಿಂದ. ಅತ್ತೆ ಮೂಗು ಮುಚ್ಚಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ನಾಳೆಯ ಹಾಡು ಕೇಳತೊಡಗಿತು. ಬಂದರುಕಟ್ಟೆ, ಹಿಮ, ಹೊರಟುಹೋದ ಹಡಗು. ಅತ್ತೆ ಎತ್ತರದ ಸ್ವರದಲ್ಲಿ ನಿಂತು ನಡುಗಿಸುವಾಗ ಚಿಜುರು ಕೈಯನ್ನೂ ನಿಲ್ಲಿಸುತ್ತಿದ್ದಳು, ಐರನ್ ಅಲುಗಬಾರದಲ್ಲ. ಒಳ್ಳೆಯ ದನಿ, ಅಂದುಕೊಂಡಳು. ಅತ್ತೆ ತಮ್ಮ ಹಾಡನ್ನು ತಾವೇ ಕೇಳಿ ತಿದ್ದಿಕೊಳ್ಳಲು ಅದನ್ನು ಪ್ರತಿದಿನ ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತೇ ಇತ್ತು. ಗೊತ್ತಿದ್ದದ್ದು ತಲೆಗೆ ಮಾತ್ರ ಬರಲಿಲ್ಲ.

ಮಧ್ಯಾಹ್ನದ ನೂಡಲ್ಸ್ ತಿಂದು ಪಾತ್ರೆ ತೊಳೆದು, ಮತ್ತೆ ಕೂತು, ಸಂಜೆಯ ಹೊತ್ತಿಗೆ ಹಳೆಯದೆಲ್ಲ ಹೊರಗೆ ಬಂದು ಹೊಸದೆಲ್ಲ ಒಳಗೆ ಹೋಗಿತ್ತು. ಒಂದು ಬಿಲ್ಲೆಯೂ ಏಳಲಿಲ್ಲ. ಹೊಸ ಬ್ಯಾಟರಿಗೆ ಮುಂದೆ ಯಾರೂ ಬೆಸುಗೆ ಬಿಚ್ಚುವುದು ಬೇಡವೆಂದು ಪುಟ್ಟ ಗೂಡೊಂದನ್ನು ಕೂಡಿಸಿದಳು. ಸ್ವಿಚ್ ಹಾಕಿದರೆ ಯಂತ್ರ ಸ್ನಾನ ಮಾಡಿ ಬಂದವರಂತೆ ಬೆಳಗಿತು. ಮನೆ ಒತ್ತಿದರೆ ಕೆಮ್ಮಿಲ್ಲ, ಮುಲುಗಿಲ್ಲ. ಇನ್ನು ನೆನಪು ವಾಪಸು ಕೊಡುವುದೊಂದೇ ಬಾಕಿ.

ಒರಿಗುಚಿ ಸಾನ್ ಕೂಡ ಅದೇ ಹೊತ್ತಿಗೆ ಬಂದು ತಲುಪಿದರು, ಕೈಯಲ್ಲಿ ಕಿತ್ತಳೆಯ ಚೀಲ. ಅತ್ತೆ ಬಟ್ಟಲಿಗೆ ಮೂಲಂಗಿ ತುರಿಯುತ್ತ ಅಡುಗೆಮನೆಯಲ್ಲಿದ್ದರು. ಚಿಜುರು ರೆಕಾರ್ಡರನ್ನು ತಂದು, ವಯರು ಚುಚ್ಚಿ, ಗುಂಡಿ ಒತ್ತಿದಳು.

ಕ್ಯಾಸೆಟ್ಟಿನಿಂದ ಬಂದರುಕಟ್ಟೆ, ಹಿಮ, ಹೊರಟುಹೋದ ಹಡಗು ಬಂದವು. ಯಂತ್ರ ಆ ಹಾಡನ್ನು ಒಂದು ಚರಣದ ತನಕ ಗೌರವದಿಂದ ಕೇಳಿಸಿಕೊಂಡಿತು. ಅತ್ತೆ ಎತ್ತರದ ಸ್ವರದಲ್ಲಿ ನಿಂತು ನಡುಗಿಸಿದ ಜಾಗಕ್ಕೆ ಸರಿಯಾಗಿ ಕೆಂಪು ದೀಪ ಮಿನುಗಿಸಿ, 'ತಪ್ಪು' ಎಂದು ಪರದೆಯ ಮೇಲೆ ತೋರಿಸಿತು.

ಅತ್ತೆ ತುರಿಯುವುದನ್ನು ನಿಲ್ಲಿಸಿದರು. "ಯಾವುದು ತಪ್ಪಂತೆ? ಆ ಸ್ವರಕ್ಕೆ ನಾನು ಇಡೀ ತಿಂಗಳು ಒದ್ದಾಡಿದೀನಿ."

ಚಿಜುರು ಕ್ಯಾಸೆಟ್ ಹೊರತೆಗೆದು ನೋಡಿದಳು. ಬೆನ್ನಿನ ಪುಟ್ಟ ಹಲ್ಲು ಮುರಿಯದೆ ಅಲ್ಲೇ ನಗುತ್ತಿತ್ತು. ಅವಳು ಚಾಪೆಯ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ, ತಪ್ಪು ನನ್ನದು, ಅರವತ್ತನಾಲ್ಕನೇದು ಹೋಯಿತು ಎಂದಳು. ಅಮ್ಮ ಬಾಗಿದ್ದು ನೋಡಿ ಶಿಹೋ ಕನ್ನಡಕ ಸಮೇತ ಬಾಗಿದಳು. ಒರಿಗುಚಿ ಸಾನ್ ಗಾಬರಿಯಾಗಿ ತಾವೂ ಬಾಗಿದರು. ಮೂವರೂ ನೆಲದ ಮೇಲೆ ಹಾಗೇ ಇದ್ದಾಗ ಅತ್ತೆ ಬಾಗಿಲಲ್ಲಿ ನಿಂತು, ಯಾರ ಉಂಗುರ ಬಿದ್ದುಹೋಯಿತು ಎಂದು ಕೇಳಿದರು.

ಒರಿಗುಚಿ ಏಳುವಾಗ ನಗಲು ನೋಡಿದರು. ಆಗಲಿಲ್ಲ. ಪರವಾಗಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತ ಹಾಸಿಗೆಯ ಹೊದಿಕೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ನಾಳೆ ಹೇಳಬೇಕಾಗಿದ್ದ ಒಂದು ಮಾತೂ ಆ ಮಡಿಕೆಯೊಳಗೆ ಹೋಗುತ್ತಿರುವುದನ್ನು ಚಿಜುರು ಕಂಡಳು. ಹೊದಿಕೆಯ ತುದಿಯನ್ನು ಹಿಡಿದುಕೊಂಡಳು.

"ಅದು ಹೇಗಿತ್ತು ಅಂತ ಹೇಳಿ. ನಾನು ಕೂಡಿಸ್ತೀನಿ."

"ಹೇಳೋಕ್ಕಾಗಲ್ಲಮ್ಮ."

"ಯಂತ್ರಕ್ಕೆ ಹೇಳಿ. ನಾನು ಕೇಳಿಸ್ಕೊಳಲ್ಲ."

ಒರಿಗುಚಿ ಯಂತ್ರದ ಕಡೆ ತಿರುಗಿ ಕೂತರು. ಅದಕ್ಕೇ ಹೇಳತೊಡಗಿದರು. ವೇದಿಕೆಯ ಪರದೆ ಹಿಂದೆ ತಾವು ಕಾಯುತ್ತ ಕೂರುತ್ತಿದ್ದರಂತೆ. ಹಿಂದೆಯೇ ಉದ್ದದ ಓಣಿ. ಅಲ್ಲಿ ಬಟ್ಟೆಯ ಕಾಲುಚೀಲದ ಹೆಜ್ಜೆಗಳು, ಸ್ಸ, ಸ್ಸ, ಸ್ಸ. ತುಂಬಾ ಅವಸರ, ಆದರೂ ತಟ್ಟೆಗಳು ಕದಲದಷ್ಟು ನುಣುಪು. ಅದರ ಮೇಲೆ ಒಂದು ಗಂಟೆ, ಚಿಕ್ಕದು, ಬೀಗದ ಕೈಗಳ ಜೊತೆ ಸೊಂಟಕ್ಕೆ ಕಟ್ಟಿದ್ದು.

ಚಿಜುರು ಮೊದಲು ಬರಿ ಗಾಳಿಯಂಥ ಸದ್ದನ್ನು ತೆಗೆದುಕೊಂಡು ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿದಳು. ಅದರ ಅಂಚು ಸವರಿದಳು. ಸ್ಸ, ಸ್ಸ, ಸ್ಸ. ಒರಿಗುಚಿ ತಲೆಯಾಡಿಸಿದರು, ಇನ್ನೂ ಅವಸರ ಅಂದರು. ಮೇಲೊಂದು ಗಂಟೆ ಕೂಡಿಸಿದಳು, ಣಿಂ.

"ಗಂಟೆ ಅಷ್ಟು ಚೆಂದ ಇರಲಿಲ್ಲ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಅತ್ತೆ ಅಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಅರ್ಧ ತುರಿದ ಮೂಲಂಗಿ.

"ಅದು ಒಂದು ಸಲ ಮೆಟ್ಟಿಲ ಮೇಲೆ ಬಿದ್ದು ಬಿರುಕು ಬಿಟ್ಟಿತ್ತು. ಹಂಗೆ ಣಿಂ ಅಂತ ಎಲ್ಲಿ ಅಂತಿತ್ತು. ಇರು." ಒಳಗೆ ಹೋಗಿ ಹೊಲಿಗೆಯ ಡಬ್ಬಿ ತಡಕಾಡಿ, ಬೆರಳಿನ ಉಗುರಿನಷ್ಟು ಚಿಕ್ಕ ಹಿತ್ತಾಳೆಯ ಗಂಟೆಯೊಂದನ್ನು ತಂದು ಒರಿಗುಚಿಯ ಮೂಗಿನೆದುರು ಅಲ್ಲಾಡಿಸಿದರು. ಅದು ಗಂಟಲು ಕಟ್ಟಿದವರಂತೆ ಣಗ್ ಎಂದಿತು.

"ಅದೇ," ಅಂದರು ಒರಿಗುಚಿ, ಕೇಳಿಸದಷ್ಟು ಮೆಲ್ಲಗೆ.

"ಮತ್ತೆ ಹಲಗೆ ಎಲ್ಲಿ? ಅಡುಗೆಮನೆ ತಿರುವಿನಲ್ಲಿ ಒಂದು ಹಲಗೆ ಕಿರ್ ಅಂತಿರಲಿಲ್ವಾ?"

"ಅದು ಹೆಜ್ಜೆ ಜೊತೇಲಿ."

"ಜೊತೇಲಲ್ಲ. ಕಾಲು ಎತ್ತಿದ ಮೇಲೆ. ಕೂತ್ಕೊಂಡು ಕೇಳಿದವರಿಗಿಂತ ನಡೆದವಳಿಗೆ ಚೆನ್ನಾಗಿ ಗೊತ್ತು."

ಅಲ್ಲಿಂದ ಮುಂದೆ ಚಿಜುರು ಗುಂಡಿ ತಿರುಗಿಸುವ ಬೆರಳು ಮಾತ್ರವಾದಳು. ಇಬ್ಬರೂ ಅವಳ ಎರಡೂ ಭುಜದ ಮೇಲಿಂದ ಜಗಳವಾಡಿದರು. ಕಿರ್ ಜಾಸ್ತಿಯಾಯಿತು, ಕಮ್ಮಿಯಾಯಿತು, ನೀವು ಅವತ್ತು ನಿದ್ದೆ ಮಾಡ್ತಿದ್ರಿ, ನಿಮ್ಮ ಸದ್ದಿನಲ್ಲಿ ಯಾರಿಗೆ ನಿದ್ದೆ ಮಾಡೋಕ್ಕಾಗತ್ತೆ. ತುರಿದ ಮೂಲಂಗಿ ಬಟ್ಟಲಲ್ಲಿ ನೀರು ಬಿಟ್ಟಿತು. ಶಿಹೋ ಅಮ್ಮನ ಗೆರೆಯನ್ನು ಯಾವಾಗಲೋ ದಾಟಿ ಹತ್ತಿರ ಬಂದಿದ್ದಳು, ಐರನ್ ತಣ್ಣಗಾಗಿತ್ತಲ್ಲ.

ಕೊನೆಗೆ ಒರಿಗುಚಿ ಅದನ್ನು ಅರವತ್ತನಾಲ್ಕನೇ ಜಾಗದಲ್ಲಿ ಉಳಿಸಿ, ಒಂದು ಮನೆಯನ್ನು ಒತ್ತಿ ಹಿಡಿದರು. ಯಾರೋ ಅವಸರದ ಹೆಂಗಸು, ಎರಡೂ ಕೈತುಂಬ ತಟ್ಟೆ ಹೊತ್ತವಳು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಸರಸರನೆ ನಡೆದುಹೋದಳು. ತಿರುವಿನಲ್ಲಿ ಹಲಗೆ ಕಿರ್ ಎಂದಿತು, ಕಾಲು ಎತ್ತಿದ ಮೇಲೆ.

ಅತ್ತೆ ತಮ್ಮ ಪಾದಗಳನ್ನು ನೋಡಿಕೊಂಡರು. ಮಂಡಿನೋವಿನಿಂದಾಗಿ ಈಗ ಮೆತ್ತನೆಯ ಚಪ್ಪಲಿ, ಮನೆಯೊಳಗೂ ಗೋಡೆ ಹಿಡಿದು ನಡೆಯುವುದು.

"ನಾನು ಅಷ್ಟು ಜೋರಾಗಿ ನಡೀತಿದ್ನಾ?"

"ಇದಕ್ಕಿಂತ ಜೋರು. ಯಂತ್ರಕ್ಕೆ ಇಷ್ಟೇ ಆಗೋದು."

ಒರಿಗುಚಿ ಸಾನ್ ಒಂದು ಚೂರೂ ಧೂಳಿಲ್ಲದ ಮನೆಗಳನ್ನು ತೋಳಿನಿಂದ ಒರೆಸಿದರು. ಅತ್ತೆ ಕೈಯಲ್ಲಿದ್ದ ಮೂಲಂಗಿ ತುಂಡನ್ನು ತುರಿಮಣೆಯಿಲ್ಲದೆಯೇ ತುರಿಯುವವರಂತೆ ಆಡಿಸುತ್ತಿದ್ದರು. ಚಿಜುರು ಆಗಲೇ ಬಿಗಿದಿದ್ದ ಸ್ಕ್ರೂವನ್ನು ಮತ್ತೊಮ್ಮೆ ಬಿಗಿದಳು. ಹೇಳಬೇಕಾದವರು ಹೇಳುತ್ತಿಲ್ಲ, ಕೇಳಬೇಕಾದವರು ಕೇಳುತ್ತಿಲ್ಲ, ಹೊರಗೆ ಬಟ್ಟೆ ಒಣಗಿ ಗಾಳಿಗೆ ಪಟಪಟ ಎನ್ನುತ್ತಿತ್ತು.

ಶಿಹೋ ಈಜುವ ಕನ್ನಡಕವನ್ನು ಹಣೆಗೇರಿಸಿದಳು. ತನ್ನ ಕಿರುಬೆರಳನ್ನು ನೋಡಿದಳು, ಆಮೇಲೆ ಅಜ್ಜಿಯ ಕಿರುಬೆರಳನ್ನು. ಇಷ್ಟು ಸಲ ಬಂದು, ಬಟ್ಟಲು ತಳ ಕಾಣುವ ತನಕ ಉಪ್ಪಿನಕಾಯಿ ತಿಂದು, ಅಜ್ಜಿಯ ಜೊತೆ ಇಷ್ಟು ಹೊತ್ತು ಜಗಳವಾಡಿದವರನ್ನು ಅತಿಥಿ ಎನ್ನಬಹುದೇ ಎಂದು ಒಳಗೊಳಗೇ ಲೆಕ್ಕ ಹಾಕಿದಳು. ಎನ್ನಲಾಗದು ಎಂದು ತೀರ್ಮಾನಿಸಿ, ಗಂಟಲು ಸರಿಮಾಡಿಕೊಂಡಳು.

"ಒರಿಗುಚಿ ತಾತ, ಯಂತ್ರ ಕೆಡದೇ ಇದ್ದಾಗ್ಲೂ ನೀವು ನಮ್ಮನೆಗೆ ಬರ್ತಿದ್ದದ್ದು ಅಜ್ಜಿನ ನೋಡೋಕ್ಕಾ?"